ನೋಡಿದರೆ ಕೆಡುವ ಸರ್ಕ್ಯೂಟ್

"ನೋಡ್ಲಿಲ್ಲ ಅಂದ್ರೆ ಸರಿ ಐತಿ ಮೇಡಂ. ನೋಡಿದ್ರೆ ಕೆಡ್ತತಿ."

ಸೋಮವಾರ ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಜಗಳೂರು ಕಡೆಯ ಹುಡುಗಿಯೊಬ್ಬಳು ಹೀಗಂದಳು. ಪಕ್ಕದ ಟೇಬಲಿನವರು ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಪೆನ್ನನ್ನು ಕಿವಿ ಸಂದಿಗೆ ಸಿಕ್ಕಿಸಿಕೊಂಡು ಸಿಆರ್‌ಓ, ಅಂದರೆ ವೋಲ್ಟೇಜಿನ ಅಲೆ ತೋರಿಸುವ ಯಂತ್ರದ, ಪರದೆಯನ್ನೇ ನೋಡುತ್ತಾ ನಿಂತಿದ್ದಳು. ವಾರ ಮುಗಿಯುತ್ತಾ ಬಂತು, ಆ ಮಾತು ಇನ್ನೂ ತಲೆಯಲ್ಲೇ ಇದೆ.

ಪ್ರಯೋಗ ಹೊಸದೇನಲ್ಲ. ಎಸಿಯನ್ನು ಡಿಸಿ ಮಾಡುವ ಫುಲ್ ವೇವ್ ರೆಕ್ಟಿಫೈಯರ್. ಹಿಂದಿನ ವಾರ ಸೆಂಟರ್ ಟ್ಯಾಪ್ ಮುಗಿಸಿದ್ದೆವು. 12-0-12 ಟ್ರಾನ್ಸ್‌ಫಾರ್ಮರ್, ಕರೆಂಟನ್ನು ಒಂದೇ ಕಡೆಗೆ ಬಿಡುವ ಎರಡು 1ಎನ್4007 ಡಯೋಡ್, ಲೋಡ್ ಅಂತ ಒಂದು ಕಿಲೋ ಓಮ್ ರೆಸಿಸ್ಟರ್. ಯಾವ ತಕರಾರೂ ಇಲ್ಲದೆ ಎಲ್ಲರಿಗೂ ಬಂತು. ಈ ವಾರ ನಾಲ್ಕು ಡಯೋಡಿನ ಬ್ರಿಡ್ಜ್. ತುಂಬಾ ಹಳೇ ಸರ್ಕ್ಯೂಟ್ ಇದು. 1895ರಲ್ಲೇ ಕರೋಲ್ ಪೊಲ್ಲಾಕ್ ಅನ್ನುವವನು ಪೇಟೆಂಟಿಗೆ ಅರ್ಜಿ ಹಾಕಿದ್ದ. 1897ರಲ್ಲಿ ಜರ್ಮನಿಯ ಲಿಯೋ ಗ್ರೇಟ್ಸ್ ತಾನೂ ಬೇರೆಯಾಗಿ ಮಾಡಿ ಪ್ರಕಟಿಸಿದ. ಹೆಸರು ಮಾತ್ರ ಗ್ರೇಟ್ಸನಿಗೆ ಹೋಯಿತು, ಗ್ರೇಟ್ಸ್ ಬ್ರಿಡ್ಜ್ ಅಂತ. ನಮ್ಮ ಡಿಪಾರ್ಟ್‌ಮೆಂಟಿನಲ್ಲೂ ಹೀಗೆ ಆಗುವುದುಂಟು, ಇರಲಿ.

ಆ ಹುಡುಗಿಯ ಜೋಡಣೆ ಅಚ್ಚುಕಟ್ಟಾಗಿತ್ತು. ಪ್ಲಸ್‌ಗೆ ಕೆಂಪು ವೈರ್, ಮೈನಸ್‌ಗೆ ಕಪ್ಪು. ನಮ್ಮಲ್ಲಿ ಜಾಸ್ತಿ ಹುಡುಗರು ಕೈಗೆ ಸಿಕ್ಕ ಬಣ್ಣ ಹಾಕಿಬಿಡುತ್ತಾರೆ. ಆಮೇಲೆ ಯಾವುದು ಎಲ್ಲಿಗೆ ಹೋಗಿದೆ ಅಂತ ನಾವು ಬಗ್ಗಿ ಹುಡುಕಬೇಕು. ಡಯೋಡಿನ ಬೆಳ್ಳಿ ಪಟ್ಟಿ ಯಾವ ಕಡೆ ಇರಬೇಕೋ ಆ ಕಡೆಗೇ ಇತ್ತು. ಮೊದಲು ಲೋಡಿನ ಮೇಲೆ ಒಂದೇ ಪ್ರೋಬ್ (ಅಳೆಯುವ ತಂತಿ) ಇಟ್ಟಳು. ಪರದೆ ಮೇಲೆ ಸಾಲಾಗಿ ಗುಡ್ಡ ಬಂದವು. ಗುಡ್ಡ ಅಂದದ್ದು ಅವಳೇ. ಟೈಮ್ ಬೇಸ್, ಅಂದರೆ ಪರದೆಯ ಒಂದು ಚೌಕದ ಅವಧಿ, 5 ಮಿಲಿಸೆಕೆಂಡಿನಲ್ಲಿತ್ತು, ಎರಡೆರಡು ಚೌಕಕ್ಕೆ ಒಂದು ಗುಡ್ಡ. ಅಂದರೆ 10 ಮಿಲಿಸೆಕೆಂಡಿಗೊಂದು, 100 ಹರ್ಟ್ಜ್. ಮೀಟರಿನಲ್ಲಿ ಡಿಸಿ 10 ವೋಲ್ಟ್ ಆಸುಪಾಸು. ಎಲ್ಲ ಸರಿ.

ಇನ್‌ಪುಟ್, ಔಟ್‌ಪುಟ್ ಎರಡೂ ಅಲೆ ನೋಡಿ ಬರೆಯಿರಿ ಅಂತ ಮ್ಯಾನುಯಲ್‌ನಲ್ಲಿದೆ. ಹಾಗಾಗಿ ಎರಡನೇ ಪ್ರೋಬನ್ನು ತಂದು ಸೆಕೆಂಡರಿಗೆ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಬ್ರಿಡ್ಜ್‌ಗೆ ಎಸಿ ಬರುವ ಕಡೆಗೆ, ಸಿಕ್ಕಿಸಿದಳು. ಒಂದು ಬಿಟ್ಟು ಒಂದು ಗುಡ್ಡ ಮಾಯ! ಮೀಟರ್ 5ರ ಹತ್ತಿರಕ್ಕೆ ಬಿತ್ತು. ಇನ್‌ಪುಟ್ ಅಲೆಯೂ ನೆಟ್ಟಗಿಲ್ಲ. ಮೇಲಿನ ಅರ್ಧ ಇದೆ, ಕೆಳಗಿನ ಅರ್ಧ ಸೊನ್ನೆ ಗೆರೆಯಿಂದ ಒಂಚೂರು ಇಳಿದು ಚಪ್ಪಟೆಯಾಗಿ ನಿಂತಿದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನತೊಡಗಿತು. ಪ್ರೋಬ್ ತೆಗೆದಳು, ಗುಡ್ಡ ವಾಪಸ್ ಬಂತು. ಹಾಕಿದಳು, ಹೋಯಿತು. ಆಗ ಅಂದದ್ದು ಆ ಮಾತು.

"ಡಯೋಡ್ ಹೋಗೈತಿ ಮೇಡಂ." ಇದು ಹಿಂದಿನ ಟೇಬಲಿನ ಹುಡುಗನ ತೀರ್ಪು. ಕ್ಲಾಸಿನ ಟ್ಯೂಬ್‌ಲೈಟ್ ಆರಿದರೂ ಡಯೋಡ್ ಹೋಗಿದೆ ಅನ್ನುವವನು ಅವನು. ನಾಲ್ಕೂ ಡಯೋಡ್ ಕಿತ್ತು ಹೊಸದು ಹಾಕಿದ. ಮತ್ತೆ ಅದೇ ಗುಂಯ್. ಅಷ್ಟರಲ್ಲಿ ಒಳಗೆ ಬಂದ ಸಹೋದ್ಯೋಗಿಯೊಬ್ಬರು, "ಸಿಆರ್‌ಓ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡ್ರಿ, ಸರಿಹೋಗ್ತದೆ" ಅಂದು, ಉತ್ತರಕ್ಕೂ ಕಾಯದೆ ಟೀ ಕುಡಿಯಲು ಹೋದರು. ಈ ಸಲಹೆ ಊರೂರು ಲ್ಯಾಬಿನಲ್ಲಿ ಓಡಾಡುತ್ತದೆ. ನನಗೆ ಕೇಳಿದರೇ ಮೈ ಉರಿಯುತ್ತದೆ. ಒಳಗೆ ಎಲ್ಲೋ ಇನ್ಸುಲೇಶನ್ ಹೋದರೆ ಸಿಆರ್‌ಓ ಬಾಡಿಗೇ 230 ವೋಲ್ಟ್ ಬರುತ್ತದೆ, ಮುಟ್ಟುವುದು ಹುಡುಗರು. ಅಷ್ಟು ಮಾಡಿದರೂ ಇಲ್ಲಿ ಏನೂ ಪ್ರಯೋಜನವಿಲ್ಲ, ಯಾಕಂದರೆ ತೊಂದರೆ ಇರುವುದು ಪ್ಲಗ್ಗಿನಲ್ಲಿ ಅಲ್ಲ.

ಸಿಆರ್‌ಓಗೆ ಎರಡು ಚಾನೆಲ್, ಎರಡು ಪ್ರೋಬ್, ಎರಡು ಕಪ್ಪು ಕ್ಲಿಪ್. ಹೊರಗೆ ನೋಡಿದರೆ ಎರಡು. ಒಳಗೆ ಆ ಎರಡೂ ಕ್ಲಿಪ್ ಒಂದೇ ತಂತಿ. ಅವಳು ಒಂದು ಕ್ಲಿಪ್ಪನ್ನು ಲೋಡಿನ ಮೈನಸ್‌ಗೆ, ಇನ್ನೊಂದನ್ನು ಸೆಕೆಂಡರಿಯ ಒಂದು ತುದಿಗೆ ಹಾಕಿದ್ದಳು. ಆ ಎರಡರ ನಡುವೆ ಒಂದು ಡಯೋಡ್ ಇದೆಯಲ್ಲ, ಅದು ಇದ್ದೂ ಇಲ್ಲದಂತಾಯಿತು. ಒಂದು ಅರ್ಧ ಸೈಕಲ್‌ನಲ್ಲಿ ಕರೆಂಟ್ ಲೋಡಿನ ಮೂಲಕವೇ ಹೋಗುತ್ತದೆ, ಅದು ಕಾಣುವ ಗುಡ್ಡ. ಇನ್ನೊಂದು ಅರ್ಧದಲ್ಲಿ ಲೋಡಿನ ಕಡೆ ಹೋಗುವ ಗೋಜೇ ಇಲ್ಲ. ಪ್ರೋಬಿನ ತಂತಿಯಿಂದ ಪಕ್ಕದ ಡಯೋಡಿಗೆ, ಅಲ್ಲಿಂದ ಸೆಕೆಂಡರಿಗೆ ವಾಪಸ್. ನೇರ ಶಾರ್ಟ್. ಟ್ರಾನ್ಸ್‌ಫಾರ್ಮರ್ ಗುಂಯ್ ಅಂದದ್ದು ಅದಕ್ಕೇ. ಸ್ವಿಚ್ ಆಫ್ ಮಾಡಿಸಿ ಆ ಪಕ್ಕದ ಡಯೋಡನ್ನು ಮುಟ್ಟಿ ನೋಡು ಅಂದೆ. ಬೆರಳಿಟ್ಟವಳು ತಕ್ಷಣ ಹಿಂದಕ್ಕೆಳೆದುಕೊಂಡಳು. ಉಳಿದ ಮೂರೂ ಅಷ್ಟು ಸುಡುತ್ತಿರಲಿಲ್ಲ. ಸೆಂಟರ್ ಟ್ಯಾಪಿನಲ್ಲಿ ಈ ಪಾಡಿಲ್ಲ, ಅಲ್ಲಿ ನಡುವಿನ ತಂತಿಯೇ ಲೋಡಿನ ಮೈನಸ್. ಎರಡೂ ಕ್ಲಿಪ್ ಸಹಜವಾಗಿ ಒಂದೇ ಕಡೆ ಬೀಳುತ್ತವೆ. ಹೋದ ವಾರ ಎಲ್ಲರೂ ಪಾಸಾದದ್ದು ಹಾಗೆ.

ಅಂದರೆ ನಕ್ಕವರೆಲ್ಲ ದಡ್ಡರು, ಅವಳು ಹೇಳಿದ್ದು ಅಕ್ಷರಶಃ ನಿಜ. ನೋಡದಿದ್ದರೆ ಸರಿ ಇತ್ತು, ನೋಡಿದ್ದಕ್ಕೇ ಕೆಟ್ಟಿತು. ಅದನ್ನು ಕಂಡುಕೊಳ್ಳಲು ಅವಳು ಮಾಡಿದ್ದು ಹಾಕಿ ತೆಗೆದು, ಹಾಕಿ ತೆಗೆದು ನೋಡಿದ್ದು ಅಷ್ಟೇ. ನಾಲ್ಕು ಡಯೋಡ್ ಬದಲಿಸಿದವನಿಗೆ ಅಷ್ಟು ಹೊಳೆಯಲಿಲ್ಲ.

ಮನೆಗೆ ಹೋಗುವಾಗ ಹದಡಿ ರಸ್ತೆಯ ಬಿಸಿಲಲ್ಲಿ ಗಾಡಿ ಓಡಿಸುತ್ತಾ ಅದೇ ಯೋಚನೆ. ನಾವು ಮೀಟರ್ ಅನ್ನುವುದನ್ನು ಹೊರಗಿನಿಂದ ಇಣುಕುವ ವಸ್ತು ಅಂದುಕೊಂಡಿದ್ದೇವೆ. ಸಿಕ್ಕಿಸಿದ ಕ್ಷಣದಿಂದ ಅದೂ ಸರ್ಕ್ಯೂಟಿನ ಒಳಗಿನದೇ. ಸಾಲದ್ದಕ್ಕೆ ಅದಕ್ಕೆ ಅದರದೇ ಊಹೆಗಳಿವೆ. ನಮ್ಮ ಲ್ಯಾಬಿನ ಕಡಿಮೆ ಬೆಲೆಯ ಮಲ್ಟಿಮೀಟರ್ ಎಸಿ ಅಳೆಯುವಾಗ ಸರಾಸರಿ ತೆಗೆದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. ಬಂದಿರುವುದು ಶುದ್ಧ ಸೈನ್ ಅಲೆ ಅಂತ ಅದರ ನಂಬಿಕೆ. ರೆಕ್ಟಿಫೈಯರಿನ ರಿಪಲ್, ಅಂದರೆ ಡಿಸಿಯಲ್ಲಿ ಉಳಿದ ಏರಿಳಿತ, ಸೈನ್ ಅಲೆಯೇ ಅಲ್ಲ. ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ರಿಪಲ್ ಫ್ಯಾಕ್ಟರ್ (ಆ ಏರಿಳಿತಕ್ಕೂ ಡಿಸಿಗೂ ಇರುವ ಅನುಪಾತ) 0.48 ಇರುವ ಕಡೆ, ಅಂಥ ಮೀಟರ್ ನಂಬಿ ಲೆಕ್ಕ ಹಾಕಿದರೆ 0.47ರ ಹತ್ತಿರ ಬರಬೇಕು. ಡಯೋಡಿನ ಡ್ರಾಪ್, ಅಂದರೆ ಅದರಲ್ಲೇ ಕಳೆದುಹೋಗುವ ವೋಲ್ಟೇಜ್, ಬೇರೆ ಇದೆ, ಬ್ರಿಡ್ಜ್‌ನಲ್ಲಂತೂ ಎರಡು ಡಯೋಡಿನದು ಸೇರಿ 1.4 ವೋಲ್ಟ್. ಅದರಿಂದ ಇನ್ನೊಂಚೂರು ಆಚೀಚೆ. ಆದರೆ ಹುಡುಗರ ರೆಕಾರ್ಡ್ ಬುಕ್ ತೆಗೆದು ನೋಡಿ. ಒಬ್ಬೊಬ್ಬರದೂ 0.482! ಮೂರನೇ ದಶಾಂಶದವರೆಗೂ ಇಡೀ ಬ್ಯಾಚಿಗೆ ಒಂದೇ ಉತ್ತರ. ಸೀನಿಯರ್ ರೆಕಾರ್ಡು ನೋಡಿ ಬರೆದದ್ದು, ಅವರು ಅವರ ಸೀನಿಯರ್‌ದು ನೋಡಿ ಬರೆದದ್ದು. ಅದಕ್ಕೆ ಹತ್ತಕ್ಕೆ ಹತ್ತು ಕೊಡುವವರು ನಮ್ಮಲ್ಲೇ ಇದ್ದಾರೆ. 0.46 ಬರೆದವನಿಗೆ "ರಿಪೀಟ್ ಮಾಡು" ಅನ್ನುವವರೂ ಅವರೇ. ಟೀ ಕುಡಿಯಲು ಹೋದವರನ್ನು ಇಲ್ಲಿ ನೆನೆಯುವುದು ಬೇಡ.

ಕೆಲವು ತಿಂಗಳ ಹಿಂದೆ ತಪಾಸಣೆ ಸಮಿತಿ ಬಂದಿತ್ತು. ಬರುತ್ತಾರೆ ಅಂತ ತಿಳಿದ ದಿನದಿಂದಲೇ ಕಾಲೇಜು ಕಾಲೇಜಾಗಿ ಉಳಿಯಲಿಲ್ಲ. ಕೆಟ್ಟ ಸಿಆರ್‌ಓಗಳು ಸ್ಟೋರ್ ರೂಮಿಗೆ ಹೋದವು. ಗೋಡೆಗೆ ಸುಣ್ಣ, ಟೇಬಲಿಗೆ ಹೊಸ ರೆಕ್ಸಿನ್. ಚುರುಕಾಗಿ ಮಾತಾಡುವ ಹುಡುಗರು ಮುಂದಿನ ಸಾಲಿಗೆ. ಬಂದವರು ನೋಡಿದರು, ಮೆಚ್ಚಿದರು, ಬರೆದುಕೊಂಡರು. ಅವರು ನೋಡಿದ ಲ್ಯಾಬ್ ಅವರು ಬಂದದ್ದಕ್ಕೇ ಹುಟ್ಟಿದ ಲ್ಯಾಬ್. ಅವರು ಹೋದ ಮೇಲೆ ಅದು ಎಲ್ಲೂ ಇರಲಿಲ್ಲ.

ಮನೆಯಲ್ಲಿ ಅಪ್ಪನದೂ ಇದೇ ಕಥೆ. ಕಾಟನ್ ಮಿಲ್ಲಿನ ಗದ್ದಲದಲ್ಲಿ ಆಯುಷ್ಯವೆಲ್ಲ ಕಳೆದ ಮನುಷ್ಯ, ಕ್ಲಿನಿಕ್ಕಿನಲ್ಲಿ ತೋಳಿಗೆ ಪಟ್ಟಿ ಸುತ್ತಿದರೆ ಸಾಕು, ಬಿಪಿ ಏರುತ್ತದೆ. ಮನೆಯಲ್ಲಿ ನೋಡಿದರೆ ನಾರ್ಮಲ್. ಇದು ಎಷ್ಟೋ ಜನಕ್ಕೆ ಇರುವುದೇ, ಅದಕ್ಕೇ ಡಾಕ್ಟರು ಮನೆಯಲ್ಲೂ ನೋಡಿ ಬರೆದಿಡಿ ಅಂತಾರೆ. "ಹಂಗಾದ್ರೆ ನೋಡೋದೇ ಬ್ಯಾಡ ಬಿಡವ್ವ" ಅಂತಾನೆ ಅಪ್ಪ. ಅದಂತೂ ಆಗದ ಮಾತು. ನೋಡಲೇಬೇಕು. ಕ್ಲಿಪ್ ಎಲ್ಲಿ ಕೂತಿದೆ ಅಂತಲೂ ನೋಡಬೇಕು, ಅಷ್ಟೇ.

ಸೋಮವಾರವೇ ಅದಕ್ಕೊಂದು ದಾರಿ ತೋರಿಸಿದೆ. ಎರಡೂ ಕಪ್ಪು ಕ್ಲಿಪ್ ಲೋಡಿನ ಮೈನಸ್‌ಗೆ. ಒಂದು ಪ್ರೋಬ್ ಸೆಕೆಂಡರಿಯ ಒಂದು ತುದಿಗೆ, ಇನ್ನೊಂದು ಮತ್ತೊಂದು ತುದಿಗೆ. ಎರಡನೇ ಚಾನೆಲ್ ಇನ್ವರ್ಟ್, ಅಂದರೆ ತಲೆಕೆಳಗು, ಮಾಡಿ ಎರಡನ್ನೂ ಕೂಡಿಸುವ ಆ್ಯಡ್ ಒತ್ತಿದರೆ ಪರದೆ ಮೇಲೆ ಪೂರ್ತಿ ಸೈನ್ ಅಲೆ, ಮೇಲೂ ಕೆಳಗೂ. ಟ್ರಾನ್ಸ್‌ಫಾರ್ಮರ್ ಸದ್ದಿಲ್ಲದೆ ಕೂತಿತ್ತು. ಆ ಹುಡುಗಿ, "ಮತ್ತೆ ಮ್ಯಾನುಯಲ್‌ನಾಗೆ ಯಾಕೆ ಇದನ್ನ ಬರ್ದಿಲ್ಲ?" ಅಂದಳು. ಒಳ್ಳೇ ಪ್ರಶ್ನೆ. ಎಚ್‌ಓಡಿ ಹತ್ತಿರ ಹೋಗಿ ಕೇಳಿದೆ. ಮ್ಯಾನುಯಲ್ ಬದಲಾಯಿಸಬೇಕಾದರೆ ಮೀಟಿಂಗ್ ಆಗಬೇಕಂತೆ, ಮುಂದಿನ ವರ್ಷ ನೋಡೋಣ ಅಂದರು.

ಈ ಕಾಲೇಜಿಗೆ ಬಂದು ನನಗೆ ಹೆಚ್ಚು ಸಮಯವಾಗಿಲ್ಲ. ಇಷ್ಟು ವರ್ಷ ಈ ಪ್ರಯೋಗ ಹೇಗೆ ನಡೆಯಿತು, ಎಷ್ಟು ಡಯೋಡ್ ಸುಟ್ಟಿರಬಹುದು ಅಂತ ಕುತೂಹಲ. ರಜೆ ಮುಗಿಸಿ ಗುರುವಾರ ಬಂದ ಅಟೆಂಡರನ್ನು ಕೇಳಿದೆ. ಲ್ಯಾಬ್ ಶುರುವಾದಾಗಿನಿಂದ ಇರುವವರು. ಅವರು ಡ್ರಾಯರ್ ಎಳೆದು ತೋರಿಸಿದರು. ಪಾರ್ಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದಷ್ಟು ಕಪ್ಪು ಕ್ಲಿಪ್.

"ಬ್ರಿಡ್ಜ್ ವಾರ ಬಂದಾಗ ಒಂದೊಂದು ಪ್ರೋಬಿಂದು ಕಿತ್ತಿಡ್ತಿದ್ದೆ ಮೇಡಂ. ಈ ಸಲ ನಾನಿರಲಿಲ್ಲ ನೋಡ್ರಿ."

"ಕ್ಲಿಪ್ ಇಲ್ಲದಿದ್ರೆ ಇನ್‌ಪುಟ್ ಅಲೆ ಅರ್ಧನೇ ಬರುತ್ತಲ್ವಾ?"

"ಹೂಂ, ಅರ್ಧನೇ ಬರ್ತಿತ್ತು. ಹುಡುಗ್ರು ಪೂರ್ತಿ ಬರ್ಕಂತಿದ್ರು."