ಹಿಮ ಸಂಬಳವಲ್ಲ

ಜನವರಿ 18, 2025, ಶನಿವಾರ

ಸ್ಕೀ ಮಾಡುವವರನ್ನು ಹಗ್ಗಕ್ಕೆ ತೂಗುವ ಕುರ್ಚಿಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಚೇರ್‌ಲಿಫ್ಟ್‌ಗೆ ಜನರನ್ನು ಹತ್ತಿಸುವುದು ನನ್ನ ಕೆಲಸ. ಇವತ್ತು ಆ ಲಿಫ್ಟನ್ನು ಹನ್ನೊಂದು ಸಲ ನಿಲ್ಲಿಸಿದೆ. ಅದರಲ್ಲಿ ಒಂದು ಸಲದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಆರೇಳು ವರ್ಷದ ಹುಡುಗಿ. ಹಿಂದಿನಿಂದ ಕುರ್ಚಿ ಬಂತು. ಅವಳು ಸರಿಯಾಗಿ ಕೂರಲಿಲ್ಲ, ಅಂಚಿಗೆ ಜೋತುಬಿದ್ದಳು. ಪಕ್ಕದಲ್ಲಿದ್ದ ಅಪ್ಪ ಜಾಕೆಟ್ ಹಿಡಿದುಕೊಂಡರು. ನಾನು ಲಿಫ್ಟ್ ನಿಲ್ಲಿಸುವ ಬಟನ್ ಒತ್ತಿ ಓಡಿದೆ. ಕುರ್ಚಿ ಇನ್ನೂ ಎತ್ತರಕ್ಕೆ ಹೋಗಿರಲಿಲ್ಲ, ಎತ್ತಿ ಇಳಿಸಿಕೊಂಡೆ. ಪೆಟ್ಟೇನೂ ಆಗಲಿಲ್ಲ. ನನ್ನ ಕೈ ಮಾತ್ರ ತುಂಬ ಹೊತ್ತು ನಡುಗುತ್ತಿತ್ತು.

ನಮ್ಮದು ಹಳೆಯ ಲಿಫ್ಟ್. ಹೊಸ ಲಿಫ್ಟ್‌ಗಳಲ್ಲಿ ಹತ್ತುವ ಜಾಗಕ್ಕೆ ಬಂದ ಕುರ್ಚಿ ಹಗ್ಗವನ್ನು ಬಿಟ್ಟು ನಿಧಾನವಾಗುತ್ತದೆ. ನಮ್ಮಲ್ಲಿ ಅದು ಹಗ್ಗವನ್ನು ಬಿಡುವುದೇ ಇಲ್ಲ, ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬಂದು ಮಂಡಿಯ ಹಿಂದೆ ತಾಗುತ್ತದೆ. ಹಾಗಾಗಿ ಪ್ರತಿ ಕುರ್ಚಿಯನ್ನೂ ಕೈಯಲ್ಲಿ ಹಿಡಿದು, ಸ್ವಲ್ಪ ಹಿಂದಕ್ಕೆಳೆದು, ಮೆಲ್ಲಗೆ ತಾಗುವಂತೆ ಬಿಡಬೇಕು. ದಿನಕ್ಕೆ ಸಾವಿರ ಸಲಕ್ಕೂ ಜಾಸ್ತಿ. ಸಂಜೆ ಬಲ ಭುಜ ಮೇಲೆ ಏಳುವುದಿಲ್ಲ. ಮೊದಲ ಚೇರ್‌ಲಿಫ್ಟ್ ಬಂದದ್ದು 1936ರಲ್ಲಿ, ಅಮೆರಿಕದ ಸನ್ ವ್ಯಾಲಿಯಲ್ಲಿ. ಜೇಮ್ಸ್ ಕರನ್ ಎಂಬ ಎಂಜಿನಿಯರ್, ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರ ನೋಡಿ ಅದನ್ನು ಮಾಡಿದರಂತೆ. ಗೊನೆ ನೇತುಹಾಕುವ ಕೊಕ್ಕೆಯ ಜಾಗಕ್ಕೆ ಕುರ್ಚಿ ಬಂತು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಬೇಕಾದದ್ದು ಇವತ್ತಿಗೂ ತಪ್ಪಿಲ್ಲ.

ಆದರೂ ಬೆಳಿಗ್ಗೆ ನೆನಪಾದರೆ ಈ ಕೆಲಸ ಬಿಡಲು ಮನಸ್ಸು ಬರುವುದಿಲ್ಲ. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ನಾವು ಕತ್ತಲಲ್ಲೇ ಬಂದು ಕುರ್ಚಿಗಳ ಮೇಲಿನ ಹಿಮ ಗುಡಿಸುತ್ತಿದ್ದೆವು. ಮೇಲಿನ ಏಣಿನಿಂದ ಢಮ್ ಎಂಬ ಸದ್ದು ಕೇಳಿತು, ಆಮೇಲೆ ಇನ್ನೊಂದು. ಸ್ಕೀ ಪ್ಯಾಟ್ರೋಲ್‌ನವರು, ಅಂದರೆ ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವವರು, ಸ್ಫೋಟಕ ಇಟ್ಟು, ಜನ ಬರುವ ಮೊದಲೇ ಹಿಮಕುಸಿತವನ್ನು ತಾವೇ ಬೀಳಿಸುವ ಸದ್ದು ಅದು. ಮೇಲಿನ ಗುಡಿಸಲಲ್ಲಿ ಕೆಲಸ ಮುಗಿಸಿ ಸ್ಕೀ ಕಟ್ಟಿಕೊಂಡು ಕೆಳಗಿಳಿದೆ. ಇಡೀ ಇಳಿಜಾರಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಮಂಡಿಯವರೆಗೆ ಹಿಮ, ಸದ್ದೇ ಇಲ್ಲ. ದುಡ್ಡು ಕೊಟ್ಟು ಬರುವವರಿಗೂ ಇದು ಸಿಗುವುದಿಲ್ಲ.

ತೊಂದರೆ ಇರುವುದೂ ಇಲ್ಲೇ. ಸಂಬಳದ ಮಾತೆತ್ತಿದರೆ ಸ್ಕೀ ಮಾಡಲು ಉಚಿತ ಪಾಸ್ ಇದೆಯಲ್ಲ, ಬೆಟ್ಟ ಇದೆಯಲ್ಲ ಎನ್ನುತ್ತಾರೆ. ಒಂದೇ ಕೋಣೆಯಲ್ಲಿ ನಾವು ನಾಲ್ವರು. ಅದರ ಬಾಡಿಗೆ ಸಂಬಳ ಕೈಗೆ ಬರುವ ಮೊದಲೇ ಕಡಿತವಾಗುತ್ತದೆ. ಜೋರು ಗಾಳಿಗೆ ಲಿಫ್ಟ್ ನಿಂತರೆ ಮನೆಗೆ ಕಳಿಸುತ್ತಾರೆ, ಆ ಗಂಟೆಗಳಿಗೆ ದುಡ್ಡಿಲ್ಲ. ಡಿಸೆಂಬರಿನಲ್ಲಿ ಚಳಿಯೇ ಸಾಲಲಿಲ್ಲ. ಯಂತ್ರದಿಂದ ಹಿಮ ಮಾಡಲೂ ಗಾಳಿ ತಣ್ಣಗಿರಬೇಕು, ಒಣಗಿರಬೇಕು. ಅರ್ಧ ಇಳಿಜಾರು ತೆರೆಯಲೇ ಇಲ್ಲ, ನಮ್ಮ ಕೆಲಸವೂ ಅರ್ಧಕ್ಕಿಳಿಯಿತು. ಬಾಡಿಗೆ ಇಳಿಯಲಿಲ್ಲ.

ಅಮೆರಿಕದ ಯೂಟಾದಲ್ಲಿ, ಪಾರ್ಕ್ ಸಿಟಿಯ ಸ್ಕೀ ಪ್ಯಾಟ್ರೋಲ್‌ನವರು ಡಿಸೆಂಬರ್ 27ರಿಂದ ಮುಷ್ಕರ ಮಾಡಿದರಲ್ಲ, ಆ ಸುದ್ದಿಯನ್ನು ನಾವೆಲ್ಲ ಊಟದ ಹೊತ್ತಿನಲ್ಲಿ ಓದುತ್ತಿದ್ದೆವು. ರಜೆಯ ಜನಸಂದಣಿ, ತೆರೆಯದ ಇಳಿಜಾರುಗಳು, ಉದ್ದದ ಸಾಲು. ಸುಮಾರು ಎರಡು ವಾರಕ್ಕೆ ಒಪ್ಪಂದವಾಯಿತು, ಸಂಬಳ ಏರಿತು. ಬೆಟ್ಟದ ಮೇಲೆ ಪ್ರೀತಿ ಇಲ್ಲದೆ ಅವರು ಹಾಗೆ ಮಾಡಿದರು ಎಂದು ನನಗೆ ಅನಿಸುವುದಿಲ್ಲ. ಹಿಮಕುಸಿತದ ಬಾಯಿಗೆ ಹೋಗುವವರಿಗೆ ಆ ಊರಲ್ಲೇ ಬದುಕುವಷ್ಟು ಸಂಬಳ ಬೇಡವೇ? ಹಿಮ ಚೆನ್ನಾಗಿರುತ್ತದೆ, ನಿಜ. ಅದು ಕಂಪನಿ ಕೊಟ್ಟದ್ದಲ್ಲ, ಅಲ್ವಾ?

ಹತ್ತುವ ಕಡೆ ಶನಿವಾರ ಇಬ್ಬರಿರಬೇಕು. ಇವತ್ತು ಒಬ್ಬಳಿಗೆ ಜ್ವರ, ಬದಲಿಗೆ ಯಾರನ್ನೂ ಕಳಿಸಲಿಲ್ಲ. ಬಟನ್ ಒತ್ತಿದವಳೂ ನಾನೇ, ಓಡಿದವಳೂ ನಾನೇ. ಇನ್ನೊಬ್ಬರಿದ್ದಿದ್ದರೆ ಕುರ್ಚಿ ಬರುವ ಮೊದಲೇ ಆ ಮಗುವಿನ ಪಕ್ಕ ನಿಂತಿರುತ್ತಿದ್ದರು.

ಮಧ್ಯಾಹ್ನ ಅವಳು ಮತ್ತೆ ಸಾಲಿನಲ್ಲಿ ಬಂದಳು. ನನ್ನನ್ನು ನೋಡಿ ಕೈ ಚಾಚಿದಳು. ಲಿಫ್ಟ್ ನಿಧಾನ ಮಾಡಿ ಕೂರಿಸಿದೆ. ನಾಳೆ ಆರೂವರೆಗೆ ಮೀಟಿಂಗ್ ಇದೆ. ಇಬ್ಬರಿಲ್ಲದೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಹೇಳುತ್ತೇನೆ.