ಮೂರಡಿ ದಪ್ಪದ ಮತ್ತಿ ಮರ, 59 ಸಿಸಿ ಚೈನ್‌ಸಾ ಮಿಷನ್

ಹೋದ ಆಷಾಢದ ಗಾಳಿಗೆ ನಮ್ಮ ತೋಟದ ಮೇಲ್ಗಡೆ ಅಂಚಲ್ಲಿದ್ದ ಮತ್ತಿ ಮರ ಬುಡಸಮೇತ ಮಗುಚಿ ಬಿತ್ತು. ಬೀಳ್ತಾ ಆರು ಅಡಿಕೆ ಮರಾನೂ ಜೊತೇಲಿ ಕರ್ಕೊಂಡು ಹೋಯ್ತು. ಮೊಸಳೆ ಚರ್ಮದ ಥರ ತೊಗಟೆ ಇರೋ ಹಳೇ ಮರ ಅದು, ಬುಡದ ಹತ್ರ ಮೂರಡಿ ದಪ್ಪ. ನಾಟಾಕ್ಕೆ ಆಗುತ್ತೇನೋ ಅಂತ ಅಪ್ಪಯ್ಯ ಸುತ್ತ ಓಡಾಡಿ ನೋಡಿದ್ರು. ಬಿದ್ದ ಹೊಡೆತಕ್ಕೆ ಕಾಂಡ ಉದ್ದಕ್ಕೂ ಸೀಳು ಬಿಟ್ಟಿತ್ತು. ಸರಿ, ಸೌದೆಗೇ ಅಂತ ತೀರ್ಮಾನ ಆಯ್ತು. ಬಿದ್ದ ಮರ ಅಂತ ಸುಮ್ನೆ ಕೊಯ್ಯೋಕೂ ಬರಲ್ಲ. ನಮ್ಮದೇ ಜಾಗದಲ್ಲಿದ್ರೂ 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಸಿಲ್ವರ್, ಗಾಳಿಮರ, ನೀಲಗಿರಿಗೆಲ್ಲ ಇರೋ ವಿನಾಯಿತಿ ಮತ್ತಿಗಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಅವ್ರು ಬಂದು ನೋಡಿ ಹೋಗಿ, ಕಾಗದ ಕೈಗೆ ಬರೋ ಹೊತ್ತಿಗೆ ಮಳೆ ಕಮ್ಮಿ ಆಗಿತ್ತು.

ನಮ್ಮನೇಲಿ ಸೌದೆ ಅಂದ್ರೆ ಬರೀ ಬಚ್ಚಲ ಒಲೆ ಲೆಕ್ಕ ಅಲ್ಲ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದ್ರೆ ಸುಲಿದ ಅಡಿಕೆ ಅವತ್ತವತ್ತೇ ಹಂಡೇಲಿ ಬೇಯಬೇಕು, ನಾಳೆಗೆ ಇಡೋಣ ಅನ್ನೋ ಮಾತೇ ಇಲ್ಲ. ಬೆಂಕಿ ಒಂದೇ ಸಮ ಉರೀತಾ ಇರಬೇಕು, ಅದಕ್ಕೆ ದರಗು ಸೋಗೆ ಪುಳ್ಳೆ ಸಾಲಲ್ಲ, ಗಟ್ಟಿ ಸೌದೆನೇ ಬೇಕು. ಮೋಡ ಕಟ್ಟಿಕೊಂಡು ಕೂತ ವರ್ಷ ಒಣಗಿಸೋಕೂ ಬೆಂಕಿ ಹಾಕ್ತೀವಿ. ಹಾಗಾಗಿ ಸೌದೆ ಕೊಟ್ಟಿಗೆ ತುಂಬಿದ್ರೇನೇ ನಮಗೆ ಸಮಾಧಾನ.

ಮರ ಕೊಯ್ಯೋಕೆ ನನ್ನ ಹತ್ರ ಇದ್ದಿದ್ದು ಸ್ಟಿಲ್ ಕಂಪನಿಯ ಎಂಎಸ್ 180 ಚೈನ್‌ಸಾ, 31.8 ಸಿಸಿ, 14 ಇಂಚು ಬಾರ್ (ಚೈನ್ ಸುತ್ತೋ ಉದ್ದದ ಪಟ್ಟಿ). ಐದು ವರ್ಷದಿಂದ ಅದೇ. ಅಕೇಶಿಯಾ, ಸಿಲ್ವರ್, ಮಾವಿನ ಕೊಂಬೆ, ಸತ್ತ ಅಡಿಕೆ ಮರ ಎಲ್ಲ ಅದರಲ್ಲೇ ಕೊಯ್ದಿದೀನಿ, ಒಂದು ದಿನವೂ ಕೈ ಕೊಟ್ಟಿಲ್ಲ. ಮತ್ತೀಲೂ ಮೇಲಿನ ಕೊಂಬೆಗಳನ್ನೆಲ್ಲ ಅದೇ ಮುಗಿಸ್ತು. ಕಾಂಡಕ್ಕೆ ಬಂದಾಗ ನೋಡಿ ಕಷ್ಟ ಶುರುವಾಗಿದ್ದು. 14 ಇಂಚು ಬಾರಲ್ಲಿ ಈ ಕಡೆಯಿಂದ ಅರ್ಧ ಆ ಕಡೆಯಿಂದ ಅರ್ಧ ಕೊಯ್ದ್ರೂ ಲೆಕ್ಕಕ್ಕೆ 28 ಇಂಚು, ಮರ 36 ಇಂಚು, ಮಧ್ಯ ಎಂಟಿಂಚು ಹಾಗೇ ಉಳಿಯುತ್ತೆ. ಅದಾದ್ರೂ ಇರಲಿ, ಬಾರ್ ಪೂರ್ತಿ ಮರದೊಳಗೆ ಮುಳುಗಿದ ಕೂಡ್ಲೆ ಮಿಷನ್ ಉಸಿರು ಕಟ್ಟಿದ ಹಾಗೆ ಮಾಡೋದು, ಸ್ವಲ್ಪ ಒತ್ತಿದ್ರೆ ಸಾಕು ಚೈನ್ ನಿಂತೇ ಬಿಡ್ತಿತ್ತು, ಎಂಜಿನ್ ಮಾತ್ರ ಕಿರುಚ್ತಾ ಇರೋದು. ಆಗ ಕ್ಲಚ್ ಜಾರುತ್ತಾ ಇರುತ್ತೆ, ಆ ಬಿಸಿಗೆ ಕ್ಲಚ್ ಡ್ರಮ್ಮೇ ನೀಲಿ ಆಗುತ್ತೆ. ಎರಡು ತುಂಡು ಮಾಡೋ ಹೊತ್ತಿಗೆ ಸುಟ್ಟ ವಾಸನೆ ಬಂತು, ಆಫ್ ಮಾಡಿಟ್ಟೆ.

ಕೂಲಿಗೆ ಮರ ಕೊಯ್ದು ಕೊಡೋ ಮಿಷನ್ ಅವ್ರನ್ನ ಕರೆಸಿದ್ರೆ ಆಗ್ತಿತ್ತಲ್ಲ ಅಂತ ಕೇಳಬಹುದು. ಕೊಯ್ಲು ಹತ್ರ ಬಂದಾಗ ಅವರು ಸಿಗೋದೇ ಇಲ್ಲ, ಎಲ್ಲರ ಮನೆಗೂ ಅದೇ ಹೊತ್ತಲ್ಲಿ ಬೇಕು. ಮೂರು ಸಲ ಬರ್ತೀನಿ ಅಂದು ಬರಲಿಲ್ಲ. ಹಾಗಾಗಿ ದೊಡ್ಡದು ಒಂದು ತಗೊಳೋದೇ ಅಂತ ತೀರ್ಮಾನಿಸಿದೆ.

ಆದ್ರೆ ಅದಕ್ಕೂ ಮೊದ್ಲು ಒಂದು ವಿಷಯ ಹೇಳಬೇಕು, ಯಾಕಂದ್ರೆ ನನ್ನ ಹತ್ರ ಕೇಳೋರಲ್ಲಿ ಅರ್ಧಕ್ಕರ್ಧ ಜನಕ್ಕೆ ದೊಡ್ಡ ಮಿಷನ್ ಬೇಕಾಗೇ ಇರಲ್ಲ. ಚೈನ್ ಮೊಂಡಾಗಿರುತ್ತೆ ಅಷ್ಟೇ. ಕೊಯ್ಯುವಾಗ ಹೊರಗೆ ಬರೋದನ್ನ ನೋಡಿ. ದಪ್ಪ ದಪ್ಪ ಚಕ್ಕೆ ಹಾರ್ತಾ ಇದ್ರೆ ಚೈನ್ ಸರಿ ಇದೆ. ಹಿಟ್ಟಿನ ಥರ ಪುಡಿ ಬರ್ತಿದ್ರೆ ಹಲ್ಲು ಹೋಗಿದೆ, ಆಗ 70 ಸಿಸಿ ತಂದ್ರೂ ಅದೇ ಗತಿ. ಅರ ಹಾಕೋದು ಎಲ್ಲರೂ ಮಾಡ್ತಾರೆ, ಆದ್ರೆ ಹಲ್ಲಿನ ಮುಂದೆ ಒಂದು ಚಿಕ್ಕ ದಿಣ್ಣೆ ಇರುತ್ತಲ್ಲ, ಡೆಪ್ತ್ ಗೇಜ್, ಅದನ್ನ ಯಾರೂ ಮುಟ್ಟೋದೇ ಇಲ್ಲ. ಹಲ್ಲು ಅರ ಹಾಕಿ ಹಾಕಿ ತಗ್ಗಾಗ್ತಾ ಬರುತ್ತೆ, ದಿಣ್ಣೆ ಅಷ್ಟೇ ಎತ್ತರ ಉಳಿಯುತ್ತೆ, ಆಮೇಲೆ ಹಲ್ಲು ಮರಕ್ಕೆ ತಾಗೋದೇ ಇಲ್ಲ. ಹಲ್ಲಿಗಿಂತ ದಿಣ್ಣೆ 0.65 ಮಿಲಿಮೀಟರ್ ಕೆಳಗೆ ಇರಬೇಕು, ಅದಕ್ಕೆ ಗೇಜ್ ಪಟ್ಟಿ ಸಿಗುತ್ತೆ, ತಗೊಂಡು ಇಟ್ಕೊಳಿ. ನಾನು ಮತ್ತಿ ಕೊಯ್ಯೋಕೆ ಮುಂಚೆ ಹೊಸಾ ಚೈನ್ ಹಾಕಿ ನೋಡಿದ್ದೆ. ಹೊಸಾ ಚೈನಲ್ಲೂ ಎಳೀಲಿಲ್ಲ ಅಂದಮೇಲೇ ಇದು ಹರಿತದ ಪ್ರಶ್ನೆ ಅಲ್ಲ, ಶಕ್ತಿದೇ ಅಂತ ಖಾತ್ರಿ ಆಗಿದ್ದು.

ಈಗ ಶಕ್ತಿ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಮಿಷನ್ ಎಷ್ಟು ದೊಡ್ಡದು ಅಂತ ಕೇಳಿದ್ರೆ ಎಲ್ಲರೂ ಹೇಳೋದು ಬಾರಿನ ಅಳತೆ, ನಮ್ದು 18 ಇಂಚು, ನಮ್ದು 22 ಇಂಚು ಅಂತ. ಬಾರ್ ಉದ್ದ ಇದ್ರೆ ಶಕ್ತಿ ಬರಲ್ಲ, ಶಕ್ತಿ ಜಾಸ್ತಿ ಬೇಕಾಗುತ್ತೆ. ಮುಕ್ಕಾಲು ಪಾಲು ಜನ ಎಡವೋದು ಇಲ್ಲೇ. ಸಾಮಾನ್ಯ 3/8 ಚೈನಲ್ಲಿ (3/8 ಅನ್ನೋದು ಕೊಂಡಿಯ ಅಳತೆ, ಇಂಚಲ್ಲಿ) ಹೆಚ್ಚುಕಮ್ಮಿ ಒಂದೂವರೆ ಇಂಚಿಗೊಂದು ಕೊಯ್ಯೋ ಹಲ್ಲು ಇರುತ್ತೆ. ಒಂದಡಿ ದಪ್ಪದ ಕುಂಟೆ (ಮರದ ದಿಮ್ಮಿ) ಕೊಯ್ಯುವಾಗ ಒಂದೇ ಹೊತ್ತಿಗೆ ಎಂಟು ಹಲ್ಲು ಮರ ಕಚ್ಕೊಂಡಿರುತ್ತೆ, 20 ಇಂಚು ಬಾರ್ ಪೂರ್ತಿ ಮುಳುಗಿದ್ರೆ ಹದಿಮೂರು. ಒಂದೊಂದು ಹಲ್ಲೂ ಚಕ್ಕೆ ಎಬ್ಬಿಸಬೇಕು, ಆ ಚಕ್ಕೇನ ಅಷ್ಟುದ್ದ ಎಳ್ಕೊಂಡು ಹೊರಗೆ ಹಾಕಬೇಕು, ಅದೂ ಮತ್ತಿ ಥರದ ಗಟ್ಟಿ ಮರದಲ್ಲಿ. ಚಿಕ್ಕ ಮಿಷನ್ನಿಗೆ ಉದ್ದ ಬಾರ್ ಹಾಕಿದ್ರೆ ಒಂದು ಎತ್ತಿಗೆ ಎರಡೆತ್ತಿನ ಗಾಡಿ ಕಟ್ಟಿದ ಹಾಗೆ. ಇನ್ನೊಂದು, 180ರಲ್ಲಿ ಬರೋ ಚೈನ್ ಗಿಡ್ಡ ಹಲ್ಲಿಂದು, ಸಣ್ಣ ಚಕ್ಕೆ ತೆಗೆಯೋದು, ದೊಡ್ಡ ಮಿಷನ್ನಿನ ಪೂರ್ತಿ 3/8 ಚೈನಿನ ಹಲ್ಲೇ ಬೇರೆ. ಅರಾನೂ ಬೇರೆ, ಚಿಕ್ಕದಕ್ಕೆ 4 ಮಿಲಿಮೀಟರ್, ದೊಡ್ಡದಕ್ಕೆ 5.2.

ತೀರ್ಥಹಳ್ಳೀಲಿ ಅಂಗಡಿಗೆ ಹೋದಾಗ ಅಲ್ಲಿನವ್ರು ಮಿಷನ್ ತೋರಿಸೋಕೆ ಮೊದ್ಲು ಕೇಳಿದ್ದು, "ಎಷ್ಟು ದಪ್ಪದ್ದು ಕೊಯ್ತೀರಿ ಸಾರ್, ವರ್ಷಕ್ಕೆ ಎಷ್ಟು ದಿನ ಕೊಯ್ತೀರಿ?" ನನಗೆ ಆ ಪ್ರಶ್ನೆ ಬಹಳ ಇಷ್ಟ ಆಯ್ತು. ಕೂತು ಲೆಕ್ಕ ಹಾಕಿದ್ರೆ ನನ್ನ ಕೆಲ್ಸದಲ್ಲಿ ಹತ್ತಕ್ಕೆ ಎಂಟು ಒಂದಡಿ ಒಳಗಿನ ಮರಾನೇ. ಆದ್ರೆ ಉಳಿದ ಎರಡು ಇದೆಯಲ್ಲ, ಮತ್ತಿ, ಹಲಸು, ಜಂಬೆ, ಅದರಲ್ಲೇ ವರ್ಷದ ಸೌದೆ ಇರೋದು. ಒಂದು ದೊಡ್ಡ ಕುಂಟೆ ಸೀಳಿದ್ರೆ ಹತ್ತು ಅಕೇಶಿಯಾ ಗಳದಷ್ಟು ಸೌದೆ, ಬೆಂಕೀನೂ ನಿಂತು ಉರಿಯುತ್ತೆ.

ನನ್ನ ಮುಂದೆ ಇದ್ದಿದ್ದು ಮೂರು. ಎಂಎಸ್ 250, 45.4 ಸಿಸಿ, 2.3 ಕಿಲೋವ್ಯಾಟ್, 4.6 ಕೆಜಿ. ಎಂಎಸ್ 361, 59 ಸಿಸಿ, 3.4 ಕಿಲೋವ್ಯಾಟ್, 5.6 ಕೆಜಿ. ಎಂಎಸ್ 382, 72.2 ಸಿಸಿ, 3.9 ಕಿಲೋವ್ಯಾಟ್, 6.2 ಕೆಜಿ. ಈ ತೂಕ ಎಲ್ಲ ಬಾರ್ ಚೈನು ಪೆಟ್ರೋಲು ಇಲ್ಲದೆ, ಬರೀ ಮಿಷನ್ನಿಂದು. ಹಸ್ಕ್ವರ್ನಾ ಅನ್ನೋ ಇನ್ನೊಂದು ಕಂಪನಿಯಲ್ಲೂ ಇದೇ ಸೈಜಿನವು ಇವೆ, ಒಳ್ಳೇ ಮಿಷನ್ನೇ, ಆದ್ರೆ ನಮಗೆ ಹತ್ರದಲ್ಲಿ ಸರ್ವಿಸ್ ಇರೋದು ಸ್ಟಿಲ್‌ಗೆ, ಮಳೆಗಾಲದಲ್ಲಿ ಒಂದು ಸ್ಪ್ರಾಕೆಟ್ಟಿಗೆ ಶಿವಮೊಗ್ಗಕ್ಕೆ ಓಡೋಕಾಗಲ್ಲ. ಸಿಸಿ ನೋಡಿ ಮೋಸ ಹೋಗಬೇಡಿ, ಕಿಲೋವ್ಯಾಟ್ ಕೇಳಿ. ಪಕ್ಕದ ಮನೆ ಅಣ್ಣಯ್ಯ ಆನ್‌ಲೈನಲ್ಲಿ ಕಮ್ಮಿ ರೇಟಿಗೆ 58 ಸಿಸಿ ಅಂತ ಬರೆದಿದ್ದು 22 ಇಂಚು ಬಾರಿಂದು ತರಿಸಿದ್ರು. ಎರಡನೇ ತಿಂಗಳು ಕಾರ್ಬೊರೇಟರ್ ಒಳಗಿನ ಡಯಾಫ್ರಾಮ್ ಹೋಯ್ತು, ಅದಕ್ಕೆ ಸರಿಯಾಗೋ ಸಾಮಾನು ಇವತ್ತಿಗೂ ಸಿಕ್ಕಿಲ್ಲ, ಕೊಟ್ಟಿಗೇಲಿ ಧೂಳು ತಿಂತಾ ಕೂತಿದೆ. ಪಾಪ ಅವರ ಕೊಯ್ಲಿನ ಸೌದೆ ಆ ವರ್ಷ ದುಡ್ಡು ಕೊಟ್ಟು ತರಿಸೋ ಹಾಗಾಯ್ತು.

250 ಮೊದ್ಲು ಕೈಗೆ ತಗೊಂಡೆ. ಹಗುರ, ಕೈಗೆ ಹಿತವಾಗಿ ಕೂರುತ್ತೆ, ಒಂದೇ ಮಿಷನ್ ಇಟ್ಕೊಳೋರಿಗೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳ್ತೀನಿ. ಆದ್ರೆ ನನ್ನ ಹತ್ರ ಚಿಕ್ಕದು ಆಗ್ಲೇ ಇತ್ತು, 32 ಸಿಸಿಯಿಂದ 45ಕ್ಕೆ ಹೋದ್ರೆ ಮತ್ತಿ ಮುಂದೆ ಮತ್ತೆ ಅದೇ ಪರದಾಟ ಅನ್ನಿಸ್ತು. 382 ಕಡೆ ಮನಸ್ಸು ಬಹಳ ಎಳೀತು, ಸುಳ್ಳು ಹೇಳಲ್ಲ. ಅದನ್ನ ಎತ್ತಿ ಸೊಂಟದ ಮಟ್ಟದಲ್ಲಿ ಹಿಡ್ಕೊಂಡು ಎರಡು ನಿಮಿಷ ನಿಂತು ನೋಡಿದೆ. ಅಂಗಡಿಯ ಸಿಮೆಂಟ್ ನೆಲದಲ್ಲಿ ಏನೂ ಅನ್ನಿಸಲ್ಲ. ನಮ್ಮದು ಧರೆ ಜಾಗ, ಇಳಿಜಾರು, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ, ಅಡಿಗೆ ಒದ್ದೆ ದರಗು, ಉಂಬಳ (ಜಿಗಣೆ) ಬೇರೆ, ಅಲ್ಲಿ ಸಂಜೆ ನಾಲ್ಕು ಗಂಟೆಗೆ ತೋಳು ಸೋತಾಗ ಆ ಅರ್ಧ ಮುಕ್ಕಾಲು ಕೆಜಿನೇ ಕೈ ನಡುಗಿಸೋದು. ತೋಳು ಸೋತವನ ಕೈಲಿ ಓಡೋ ಚೈನ್ ಇರಬಾರದು. ದಿನಾ ನಾಟಾ ಕೊಯ್ಯೋರಿಗೆ, ಹೊಟ್ಟೆಪಾಡೇ ಅದಾಗಿರೋರಿಗೆ 382 ಸರಿ.

ಕೊನೆಗೆ 361, 20 ಇಂಚು ಬಾರು. 3.4 ಕಿಲೋವ್ಯಾಟ್ ಅಂದ್ರೆ ಎಷ್ಟು ಅಂತ ಅಪ್ಪಯ್ಯ ಕೇಳಿದ್ರು. ನಮ್ಮೂರಲ್ಲಿ ಅಡಿಕೆ ಮೂಟೆ ಹೊರೋ ಟಿವಿಎಸ್ ಎಕ್ಸ್‌ಎಲ್ 100 ಇದೆಯಲ್ಲ, ಅದರ ಎಂಜಿನ್ನಿಗಿಂತ ಒಂಚೂರು ಜಾಸ್ತಿನೇ, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಹುಷಾರಾಗಿ ಹಿಡ್ಕೊ ಮಾರಾಯ" ಅಂದ್ರು. ದುಡ್ಡಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಕ್ವಿಂಟಾಲ್ ರಾಶಿ ಅಡಿಕೆ ಅಲ್ಲೇ ಹೋಯ್ತು. ನೋವಾಯ್ತು, ಆದ್ರೆ ವರ್ಷಾವರ್ಷ ಬೇಕಾಗೋ ಸಾಮಾನು.

ಮೊದಲನೇ ಕೊಯ್ತ ನಾನು ಮರೆಯಲ್ಲ. ಅದೇ ಮತ್ತಿ, ಅದೇ ಜಾಗ. ಮಿಷನ್ ಮುಂಭಾಗದಲ್ಲಿರೋ ಮೊಳೆಯಂಥ ಹಲ್ಲುಕಚ್ಚಲ್ಲಿ ಕೆಳಗಿನದನ್ನ ಕುಂಟೆಗೆ ಊರಿ ಥ್ರಾಟಲ್ ಪೂರ್ತಿ ಕೊಟ್ಟೆ, ನಾನೇನೂ ಒತ್ತಲೇ ಇಲ್ಲ, ಮಿಷನ್ ತನ್ನ ತೂಕಕ್ಕೇ ಇಳೀತಾ ಹೋಯ್ತು, ಕಾಲ ಹತ್ರ ಕೆಂಪು ಕಂದು ಚಕ್ಕೆ ರಾಶಿ. ಚಿಕ್ಕದರಲ್ಲಿ ಮುಕ್ಕಾಲು ಗಂಟೆ ಗುದ್ದಾಡಿ ಬಿಟ್ಟ ತುಂಡನ್ನ ಎರಡೂ ಕಡೆಯಿಂದ ಕೊಯ್ದು ಉರುಳಿಸೋಕೆ ಹತ್ತು ನಿಮಿಷವೂ ಬೇಕಾಗ್ಲಿಲ್ಲ. ಮಧ್ಯದಲ್ಲಿ ಒಂದು ಕಡೆ ನೀರು ಜಿನುಗ್ತು, ಮತ್ತಿ ಕಾಂಡದಲ್ಲಿ ನೀರು ಇಟ್ಕೊಳ್ಳುತ್ತೆ ಅಂತ ಹಿರಿಯರು ಹೇಳ್ತಿದ್ದಿದ್ದು ಕಣ್ಣಾರೆ ನೋಡಿದೆ.

ಅದೇ ವಾರ ಹೆದರಿಕೆ ಆಗಿದ್ದೂ ಉಂಟು. ಒಂದು ಕುಂಟೆ ಕೊಯ್ತಾ ಇದ್ದೆ, ಅದರ ಹಿಂದೆ ಇನ್ನೊಂದು ಕೊಂಬೆ ಇದ್ದಿದ್ದು ಕಾಣಲಿಲ್ಲ, ಬಾರಿನ ಮೂತಿಯ ಮೇಲಿನ ಭಾಗ ಅದಕ್ಕೆ ತಾಗ್ತು. ಕಣ್ಣು ಮಿಟುಕಿಸೋದ್ರೊಳಗೆ ಬಾರ್ ಮುಖದ ಕಡೆ ಚಿಮ್ಮಿತು. ಎಡಗೈ ಮುಂದಿನ ಗಾರ್ಡಿಗೆ ಹೊಡೆದು ಚೈನ್ ಬ್ರೇಕ್ ಬಿತ್ತು, ಚೈನ್ ನಿಂತು, ನಾನು ಅಲ್ಲೇ ಕೂತುಬಿಟ್ಟೆ. ಚಿಕ್ಕ ಮಿಷನ್ನೂ ಒದೆಯುತ್ತೆ, ದೊಡ್ಡದು ಒದ್ದಾಗ ತಡೆಯೋಕೆ ನಮ್ಮ ತೋಳಲ್ಲಿ ಅಷ್ಟು ಬಲ ಇಲ್ಲ. ದೊಡ್ಡ ಮಿಷನ್ ದುಡ್ಡು ಅಂದ್ರೆ ಅದರಲ್ಲಿ ಹೆಲ್ಮೆಟ್ಟು, ಕಣ್ಣಿನ ಜಾಳಿಗೆ, ಕಿವಿ ಮುಚ್ಚೋದು, ಕಾಲಿಗೆ ಕಟ್ಟೋ ಕವಚ ಇವುಗಳ ದುಡ್ಡೂ ಸೇರಿರಬೇಕು, ಆಮೇಲೆ ತಗೊಂಡ್ರಾಯ್ತು ಅನ್ನಬೇಡಿ. ಆ ಕಾಲ ಕವಚದೊಳಗೆ ಉದ್ದುದ್ದ ನೂಲು ತುಂಬಿರುತ್ತೆ, ಚೈನ್ ತಾಗಿದ್ರೆ ನೂಲು ಎಳೆದುಕೊಂಡು ಸ್ಪ್ರಾಕೆಟ್ಟಿಗೆ ಸುತ್ತಿ ನಿಲ್ಲಿಸಿಬಿಡುತ್ತೆ. ಲುಂಗಿ ಎತ್ತಿ ಕಟ್ಟಿ ಹವಾಯಿ ಚಪ್ಪಲೀಲಿ ಮಿಷನ್ ಹಿಡಿಯೋರನ್ನ ನೋಡಿದ್ರೆ ನನಗೆ ಈಗ ಜೀವ ಝಲ್ ಅನ್ನುತ್ತೆ, ದಯವಿಟ್ಟು ಹಾಗೆ ಮಾಡಬೇಡಿ.

ಎಣ್ಣೆ ವಿಷಯ ಬೇಗ ಹೇಳಿಬಿಡ್ತೀನಿ. ಸ್ಟಿಲ್‌ನವರ ಟೂ ಸ್ಟ್ರೋಕ್ ಆಯಿಲ್ ಆದ್ರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ, ಬೇರೆ ಸಾಮಾನ್ಯ ಟೂಟಿ (ಟೂ ಸ್ಟ್ರೋಕ್) ಆಯಿಲ್ ಆದ್ರೆ 40 ಮಿಲಿ, ಅಂದಾಜಲ್ಲಿ ಸುರಿಯಬೇಡಿ, ಕಮ್ಮಿ ಆದ್ರೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್, ಅದು ತೇವ ಎಳೆಯುತ್ತೆ, ನಮ್ಮ ಮಲೆನಾಡಿನ ಮಳೇಲಿ ಕೇಳೋದೇ ಬೇಡ. ಮಿಕ್ಸ್ ಮಾಡಿದ್ದು ವಾರಗಟ್ಲೆ ಇಡಬೇಡಿ, ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋವರೆಗೂ ಓಡಿಸಿ ಇಡಿ. ಚೈನಿಗೆ ಗಾಡೀದು ಸುಟ್ಟ ಆಯಿಲ್ ಹಾಕೋ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ನಾನೂ ಮೊದಲೆರಡು ವರ್ಷ ಹಾಕಿದೀನಿ. ಆ ಆಯಿಲ್ಲಲ್ಲಿರೋ ಲೋಹದ ಪುಡಿ ಪಂಪ್ ತಿನ್ನುತ್ತೆ. ಅದಕ್ಕಿಂತ ಹೆಚ್ಚಾಗಿ, ಚೈನಿನ ಆಯಿಲ್ ಎಲ್ಲಾ ಕೊನೆಗೆ ಹೋಗೋದು ನೆಲಕ್ಕೇ ಅಲ್ವಾ, ಅದು ನಮ್ಮದೇ ತೋಟದ ಮಣ್ಣು, ಕೆಳಗೆ ನಮ್ಮದೇ ಬಾವಿ.

ಹೊಸದು ಬಂತು ಅಂತ ಹಳೇದನ್ನ ಮಾರಬೇಡಿ. ಭಾವ ಕೇಳಿದ್ರು ನನ್ನ 180ನ್ನ, ಕೊಡಲಿಲ್ಲ, ಬೇಜಾರು ಮಾಡ್ಕೊಂಡ್ರು ಅನ್ಸುತ್ತೆ. ಕೊಂಬೆ ಸವರೋಕೆ 361 ಹಿಡ್ಕೊಂಡು ಓಡಾಡೋದು ಆಗದ ಮಾತು, ಬಾರ್ ಚೈನು ಪೆಟ್ರೋಲು ಎಲ್ಲ ಸೇರಿದ್ರೆ ಏಳೂವರೆ ಕೆಜಿ ದಾಟುತ್ತೆ. ದೊಡ್ಡದರ ಬಾರ್ ಎಲ್ಲಾದ್ರೂ ಮರದಲ್ಲಿ ಕಚ್ಚಿಕೊಂಡ್ರೆ ಬಿಡಿಸೋಕೂ ಚಿಕ್ಕದೇ ಬೇಕು. ಬೆಳಿಗ್ಗೆ ದಪ್ಪ ಕುಂಟೆ ಇದರಲ್ಲಿ, ಮಧ್ಯಾಹ್ನ ಊಟ ಆದ್ಮೇಲೆ ಸಣ್ಣದು ಅದರಲ್ಲಿ, ಹೀಗೆ ಹಂಚಿಕೊಂಡಿದೀನಿ.

ಮತ್ತೀಲಿ ಈಗ ಉಳಿದಿರೋದು ಬೇರಿನ ಹತ್ರದ ಬೊಡ್ಡೆ ಮಾತ್ರ. ಬೇರಿನ ಸಂದೀಲೆಲ್ಲ ಕಲ್ಲು ಮಣ್ಣು ಕಚ್ಕೊಂಡಿದೆ, ಅದಕ್ಕೆ ಚೈನ್ ಕೊಟ್ರೆ ಒಂದೇ ನಿಮಿಷಕ್ಕೆ ಹಲ್ಲು ಹೋಗುತ್ತೆ. ನಾಲ್ಕು ದಿನ ಮಳೆ ಬಿಟ್ಟ ಮೇಲೆ ಪಂಪ್ ಹಚ್ಚಿ ಮಣ್ಣು ತೊಳೀಬೇಕು, ಆಮೇಲೆ ನೋಡ್ತೀನಿ.