ಶ್ರೀರಂಗಪಟ್ಟಣಕ್ಕೆ ಬಂದಿದ್ದ ಸ್ಕಾಟಿಷ್ ಸೈನಿಕನ ಜಾಡು

ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್ ರೆಜಿಮೆಂಟಿಗೆ ಸಂದ ಯುದ್ಧಗೌರವಗಳ (ಅದು ಹೋರಾಡಿದ ಯುದ್ಧಗಳ ಹೆಸರುಗಳ) ಪಟ್ಟಿಯಲ್ಲಿ ‘ಮೈಸೂರ್’, ‘ಸೆರಿಂಗಪಟಂ’ ಎರಡೂ ಇವೆ. ಇನ್ನೊಂದು ಸ್ಕಾಟಿಷ್ ರೆಜಿಮೆಂಟಾದ ಗಾರ್ಡನ್ ಹೈಲ್ಯಾಂಡರ್ಸ್ ಪಟ್ಟಿಯಲ್ಲೂ ಇವೆ. ಹಾಗಾಗಿ ನಾವು ಮೈಸೂರು ಸೀಮೆಯವರು ಎಂದು ತಿಳಿದರೆ ಇಲ್ಲಿ ಸ್ಕಾಟ್ಲೆಂಡಿನವರು ಕೆಲವೊಮ್ಮೆ ಕೇಳುತ್ತಾರೆ: ‘ನಮ್ಮ ಮನೆತನದವನೊಬ್ಬ ಟಿಪ್ಪು ಮೇಲಿನ ಯುದ್ಧಕ್ಕೆ ಹೋಗಿದ್ದನಂತೆ, ಪತ್ತೆಹಚ್ಚಬಹುದೇ?’ ಹಚ್ಚಬಹುದು. ಆದರೆ ಬರೀ ಹೆಸರು ಹಿಡಿದು ಹೊರಟರೆ ನೂರು ಜಾನ್ ಕ್ಯಾಂಪ್‌ಬೆಲ್‌ಗಳು ಎದುರಾಗುತ್ತಾರೆ. ಹಿಡಿಯಬೇಕಾದ್ದು ರೆಜಿಮೆಂಟಿನ ಸಂಖ್ಯೆಯನ್ನು, ಅದೂ ಆ ವರ್ಷ ಅದಕ್ಕೆ ಇದ್ದ ಸಂಖ್ಯೆಯನ್ನು.

ಎಷ್ಟು ಸುಲಭವಾಗಿ ಎಡವಬಹುದು ಎಂಬುದಕ್ಕೆ 73ನೇ ರೆಜಿಮೆಂಟೇ ಸಾಕ್ಷಿ. 1777ರಲ್ಲಿ ಕಟ್ಟಿದ ಮ್ಯಾಕ್ಲಿಯಾಡ್ ಹೈಲ್ಯಾಂಡರ್ಸ್‌ಗೆ ಮೊದಲು ಈ ಸಂಖ್ಯೆ ಇತ್ತು. ದರಿಯಾ ದೌಲತ್ ಗೋಡೆಯ ಮೇಲೆ ಚಿತ್ರವಾಗಿರುವ 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ ಡೇವಿಡ್ ಬೇರ್ಡ್ ಆ ರೆಜಿಮೆಂಟಿನವನು. 1786ರಲ್ಲಿ ಅದು 71 ಆಯಿತು. ಅದೇ ವರ್ಷ 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿಗೆ ಖಾಲಿಬಿದ್ದ 73 ಸಿಕ್ಕಿತು. ಅಂದರೆ 1780ರ 73 ಬೇರೆ, 1799ರ ಮೇ 4ರಂದು ಕೋಟೆಗೆ ನುಗ್ಗಿದ 73 ಬೇರೆ. ಇದು ತಿಳಿಯದೆ ಬೇರೊಬ್ಬನ ಅಜ್ಜನನ್ನು ತಮ್ಮ ವಂಶವೃಕ್ಷಕ್ಕೆ ಕಸಿಮಾಡಿಕೊಂಡವರಿದ್ದಾರೆ. ಸ್ಕಾಚ್ ಬ್ರಿಗೇಡ್ ಎಂಬ ರೆಜಿಮೆಂಟಿನದು ಇನ್ನೊಂದು ತೊಡಕು: ಅದಕ್ಕೆ 94 ಎಂಬ ಸಂಖ್ಯೆ ಬಂದದ್ದು 1802ರಲ್ಲಿ, ಆದ್ದರಿಂದ 1799ರ ಹಾಜರಿ ಪಟ್ಟಿಯಲ್ಲಿ 94 ಎಂದು ಹುಡುಕಿದರೆ ಏನೂ ಸಿಗದು. 1881ರಲ್ಲಿ ಮತ್ತೆ ಜೋಡಣೆ ಆಯಿತು. 73 ಬ್ಲ್ಯಾಕ್ ವಾಚ್ ಸೇರಿತು, 75 ಗಾರ್ಡನ್ ಹೈಲ್ಯಾಂಡರ್ಸ್ ಸೇರಿತು, 71 ಮತ್ತು 74 ಕೂಡಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಆಯಿತು. ಯಾವ ಮ್ಯೂಸಿಯಮ್ಮಿನ ಬಾಗಿಲು ತಟ್ಟಬೇಕೆಂಬುದು ಈ ಲೆಕ್ಕದ ಮೇಲೆ ನಿಂತಿದೆ. 73ರವರಿಗೆ ಪರ್ತ್‌ನ ಬ್ಲ್ಯಾಕ್ ವಾಚ್ ಮ್ಯೂಸಿಯಂ, 75ರವರಿಗೆ ಅಬರ್ಡೀನ್.

ಇಷ್ಟಾದರೂ ಕೆಲಸ ಶುರುವಾಗುವುದು ಸೈನಿಕನಿಂದಲ್ಲ. ಬದುಕಿರುವವರಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಅದಕ್ಕೆ ‘ಸ್ಕಾಟ್‌ಲ್ಯಾಂಡ್ಸ್ ಪೀಪಲ್’ ಎಂಬ ಸರ್ಕಾರಿ ಜಾಲತಾಣವಿದೆ. ಸೂಚಿ ನೋಡಲು ದುಡ್ಡಿಲ್ಲ, ಮೂಲ ಪುಟದ ಚಿತ್ರಕ್ಕೆ ಕ್ರೆಡಿಟ್ ಕೊಳ್ಳಬೇಕು. ಜನನ, ಮದುವೆ, ಮರಣದ ಕಡ್ಡಾಯ ನೋಂದಣಿ ಇಲ್ಲಿ ಆರಂಭವಾದದ್ದು 1855ರ ಜನವರಿ 1ರಂದು. ಇಂಗ್ಲೆಂಡಿನಲ್ಲಿ ಅದಕ್ಕೂ 18 ವರ್ಷ ಮೊದಲೇ ಆರಂಭವಾಗಿತ್ತು. ಆದರೂ ತಡವಾಗಿ ಬಂದ ಸ್ಕಾಟ್ಲೆಂಡಿನ ದಾಖಲೆಯೇ ಮೇಲು.

ಒಂದು ಮರಣ ದಾಖಲೆಯ ಅಂಕಣಗಳನ್ನೇ ನೋಡಿ. ಸತ್ತವರ ಹೆಸರು, ಕಸುಬು, ಗಂಡ ಅಥವಾ ಹೆಂಡತಿಯ ಹೆಸರು, ಸತ್ತ ದಿನ, ಜಾಗ, ವಯಸ್ಸು. ಆಮೇಲೆ ತಂದೆಯ ಹೆಸರು ಮತ್ತು ಕಸುಬು, ತಾಯಿಯ ಹೆಸರು ಮತ್ತು ಆಕೆಯ ತವರಿನ ಉಪನಾಮ. ಕೊನೆಯಲ್ಲಿ ಕಾಯಿಲೆ, ಮಾಹಿತಿ ಕೊಟ್ಟವರ ಸಹಿ. 1860ರಲ್ಲಿ ತೀರಿಕೊಂಡ ಮುದುಕಿಯೊಬ್ಬಳ ದಾಖಲೆಯಲ್ಲಿ ತಂದೆಯ ಕಸುಬು ‘ಸೈನಿಕ’ ಎಂದಿದ್ದರೆ ಕೊಂಡಿ ಸಿಕ್ಕಂತೆ. ಆದರೆ ಸಹಿ ಯಾರದೆಂದು ನೋಡದೆ ನಂಬಬೇಡಿ. ಮಗಳು ಹೇಳಿದ್ದರೆ ಬಹುಪಾಲು ಸರಿ. ಅಳಿಯನೋ ಪಕ್ಕದ ಮನೆಯವನೋ ಹೇಳಿದ್ದರೆ ಅಜ್ಜಿಯ ತವರು ತಪ್ಪಾಗಿರುವ ಸಂಭವ ಹೆಚ್ಚು.

1855ಕ್ಕಿಂತ ಹಿಂದೆ ಸರಿದರೆ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ವಲಯ) ದಾಖಲೆಗಳೇ ಗತಿ, ಅವುಗಳಲ್ಲಿ ಬಿಟ್ಟುಹೋದದ್ದೇ ಬಹಳ. 1783ರಿಂದ 1794ರವರೆಗೆ ಪ್ರತಿ ದಾಖಲೆಗೂ 3 ಪೆನ್ಸ್ ತೆರಿಗೆ ಇತ್ತು, ಬಡವರು ಬರೆಸದೇ ಉಳಿದರು. ಹೆಸರಿಡುವ ಪದ್ಧತಿಯೂ ಕಾಡುತ್ತದೆ. ನಮ್ಮ ಹಾಗೆಯೇ ಇಲ್ಲಿಯೂ ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ರೂಢಿ. ಮೂವರು ಅಣ್ಣತಮ್ಮಂದಿರು ಒಂದೇ ಪ್ಯಾರಿಷ್‌ನಲ್ಲಿದ್ದರೆ ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮೂವರು ಮೊಮ್ಮಕ್ಕಳು. ಅವರಲ್ಲಿ ಸೈನ್ಯಕ್ಕೆ ಸೇರಿದವನು ಯಾರೆಂದು ತಾಯಿಯ ಹೆಸರಿಲ್ಲದೆ ಹೇಳಲಾಗದು.

ಸೈನ್ಯದ ಕಡತಗಳಿರುವುದು ಎಡಿನ್‌ಬರೋದಲ್ಲಲ್ಲ, ಲಂಡನ್ನಿನಲ್ಲಿ. ಅವನು ದೊರೆಯ ಸೈನ್ಯದವನಾಗಿದ್ದರೆ ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್, ಈಸ್ಟ್ ಇಂಡಿಯಾ ಕಂಪನಿಯವನಾಗಿದ್ದರೆ ಬ್ರಿಟಿಷ್ ಲೈಬ್ರರಿ. ಕ್ಯೂನ ಡಬ್ಲ್ಯೂಓ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ) 97 ಸರಣಿಯಲ್ಲಿ ಬಿಡುಗಡೆ ಪತ್ರಗಳಿವೆ. ಹುಟ್ಟಿದ ಪ್ಯಾರಿಷ್, ಸೇರಿದಾಗಿನ ವಯಸ್ಸು, ಮೊದಲಿದ್ದ ಕಸುಬು, ಎತ್ತರ, ಕಣ್ಣಿನ ಬಣ್ಣ, ಸೈನ್ಯ ಬಿಟ್ಟ ಕಾರಣ ಎಲ್ಲ ಅದರಲ್ಲಿರುತ್ತವೆ. ಆದರೆ ಆ ಕಾಲದಲ್ಲಿ ಇದು ಪಿಂಚಣಿ ಪಡೆದವರ ಸರಣಿ ಮಾತ್ರ. ನಮ್ಮ ಕಡೆ ಜ್ವರಕ್ಕೋ ಗುಂಡಿಗೋ ಸತ್ತವನು ಇದರಲ್ಲಿಲ್ಲ. ಅವನಿಗಾಗಿ ಡಬ್ಲ್ಯೂಓ 12ರ ಹಾಜರಿ ಮತ್ತು ಸಂಬಳದ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಓದುತ್ತ, ಹೆಸರು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಮನೆಯಲ್ಲಿ ಪದಕವಿದೆ ಎಂದು ಹಿಗ್ಗುವವರಿಗೊಂದು ಮಾತು. 1799ರ ಶ್ರೀರಂಗಪಟ್ಟಣ ಪದಕದಲ್ಲಿ ಸಿಂಹವು ಹುಲಿಯನ್ನು ಕೆಡವಿದ ಚಿತ್ರವಿದೆ, ಮೇಲೆ ‘ಅಸದುಲ್ಲಾ ಅಲ್ ಗಾಲಿಬ್’ ಎಂಬ ಅರಬ್ಬಿ ಬರಹವಿದೆ (ಟಿಪ್ಪುವೂ ಬಳಸುತ್ತಿದ್ದ ಮಾತದು!). ಇಲ್ಲದಿರುವುದು ಪಡೆದವನ ಹೆಸರು. ಹೆಸರು ಕೆತ್ತದೆಯೇ ಹಂಚಿದ ಪದಕವಾದ್ದರಿಂದ ಅದೊಂದರಿಂದ ಏನೂ ಸಾಬೀತಾಗದು. 1914–18ರ ಯುದ್ಧದ ಪದಕಗಳು ಹಾಗಲ್ಲ, ಅಂಚಿನಲ್ಲೇ ಸೈನಿಕನ ಸಂಖ್ಯೆ, ಹೆಸರು, ರೆಜಿಮೆಂಟ್ ಇರುತ್ತವೆ. ಆ ಕಾಲದವರ ಕಷ್ಟ ಬೇರೆ: 1940ರ ಬಾಂಬ್ ದಾಳಿಯಲ್ಲಿ ಅವರ ಸೇವಾ ಕಡತಗಳ ಅರ್ಧಕ್ಕೂ ಹೆಚ್ಚು ಪಾಲು ಸುಟ್ಟುಹೋಯಿತು.

ಬೆಂಗಳೂರು, ಮೈಸೂರಿನ ಆಂಗ್ಲೋ ಇಂಡಿಯನ್ ಕುಟುಂಬಗಳು ಎದುರು ದಿಕ್ಕಿನಿಂದ ಹುಡುಕಬಹುದು. ನಮ್ಮ ಸೀಮೆಯ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ವಿವರಗಳ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ಅದು ಎನ್/2 ಸರಣಿ. ‘ಫಿಬಿಸ್’ (ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ) ಎಂಬ ಸಂಘದ ಜಾಲತಾಣದಲ್ಲಿ ಬಿಟ್ಟಿಯಾಗಿ ಹುಡುಕಬಹುದು.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದ ಚಿತ್ರ ಕಳಿಸಿ ಎಂದು ಇಲ್ಲಿಯವರು ಯಾರಾದರೂ ಕೇಳಿದರೆ ಮೊದಲೇ ಹೇಳಿಬಿಡಿ, ಅಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ರೆಜಿಮೆಂಟಿನವರ ಗೋರಿಗಳೂ ಇವೆ, ಬಿಳಿಯರೆಲ್ಲ ಸ್ಕಾಟರಲ್ಲ. ಚಿತ್ರ ತೆಗೆಯುವುದಾದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆಯಿರಿ, ಸವೆದ ಅಕ್ಷರ ಆಗ ಎದ್ದು ಕಾಣುತ್ತದೆ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಹೆಸರಿನ ಸಾಲಿಗೇ ನಿಲ್ಲದೆ ರೆಜಿಮೆಂಟಿನ ಸಂಖ್ಯೆ ಇರುವ ಸಾಲನ್ನೂ ಹತ್ತಿರದಿಂದ ಬೇರೆಯಾಗಿ ತೆಗೆಯಿರಿ.